ಗುಡ್ಡದ ಮೇಲಿನ ಸುಳ್ಳು ಮಾಳಿಗೆ

ಸುರಪುರದ ಹತ್ತಿರ ಒಂದು ಗುಡ್ಡದ ಮೇಲೆ ಒಂಟಿ ಗೋಡೆಯಿದೆ. ನಡುವೆ ಎತ್ತರದ ಕಮಾನು, ಮೇಲೆ ಎರಡು ಕಿಟಕಿ. ಹಿಂದೆ ಮನೆಯೂ ಇಲ್ಲ, ಕೋಣೆಯೂ ಇಲ್ಲ. ಯಾವನೋ ಬಿಳಿ ಸಾಹೇಬ ತನ್ನ ಬಂಗಲೆಯ ಪಡಸಾಲೆಯಲ್ಲಿ ಕೂತು ನೋಡಲಿಕ್ಕೆಂದೇ ಕಟ್ಟಿಸಿದನಂತೆ. ನಮ್ಮ ಮಂದಿ ಅದಕ್ಕೆ ಸುಳ್ಳು ಮಾಳಿಗೆ ಎನ್ನುತ್ತಾರೆ.

ಕಾಲುವೆ ಬರುತ್ತಿದ್ದ ಕಾಲ. ಅದರ ಮಗ್ಗುಲಿಗೆ ಹಾಸಲು ಕಲ್ಲು ಬೇಕಿತ್ತು. ನಾನು ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವನು. ಆದರೆ ಕಲ್ಲಿನ ಕೆಲಸದಲ್ಲಿ ಶಹಾಪುರದ ತನಕ ನನ್ನ ಹೆಸರಿತ್ತು. ಒಂದು ಕಲ್ಲೂ ಒಡೆಯದಂತೆ ಸಂಜೆಯೊಳಗೆ ಆ ಗೋಡೆ ಇಳಿಸಿಕೊಡುತ್ತೇನೆ ಎಂದು ಗುತ್ತೇದಾರನ ಮುಂದೆ ಎದೆ ತಟ್ಟಿಕೊಂಡೆ.

ಕಮಾನು ಬಿಚ್ಚುವ ಮೊದಲು, ಕಲ್ಲು ಕುಸಿಯದಂತೆ, ಅದರ ಹೊಟ್ಟೆಗೆ ಮಣ್ಣು ತುಂಬಬೇಕು. ನಮ್ಮ ಹಿರಿಯರ ಪದ್ಧತಿ. ಗುಡ್ಡಕ್ಕೆ ಮಣ್ಣು ಹೊರಲು ಎರಡು ದಿನ ಬೇಕು. ನಾನು ಮಣ್ಣು ಬಿಟ್ಟು ಕಮಾನಿನ ಕೆಳಗೆ ಆಸರೆಗೆ ಒಂದೇ ಜಾಲಿಯ ತೊಲೆ ಊರಿದೆ.

"ಹೊಟ್ಟಿ ತುಂಬಸಲಾರ್ದ ಕೈ ಹಚ್ಚತಿಯೇನ್ ಮಾವಾ?" ಎಂದ, ತೊಲೆ ಹಿಡಿದು ಕೆಳಗೆ ನಿಂತ ನನ್ನ ಹೆಂಡತಿಯ ತಮ್ಮ.

"ನಿನ್ನ ಹೊಟ್ಟಿ ತುಂಬೇದಲ್ಲ, ಸಾಕು. ಗಟ್ಟಿ ಹಿಡಿ."

ಗೋಡೆಯ ಹಿಂದಿನಿಂದ ಏಣಿ ಹತ್ತಿ, ಕಮಾನನ್ನು ಬಿಗಿದಿಟ್ಟ ನಟ್ಟನಡುವಿನ ನೆತ್ತಿಗಲ್ಲಿಗೆ ಮೂರು ಏಟು ಹಾಕಿದೆ. ಅದು ನಾಲ್ಕು ಬೆರಳು ಮುಂದಕ್ಕೆ ಸರಿಯಿತು. ಗೋಡೆಯೊಳಗೆ ಏನೋ ನರಳಿತು. ಪಕ್ಕದ ಕಲ್ಲುಗಳು ಸಡಿಲಾಗಿ ಭಾರವೆಲ್ಲ ತೊಲೆಯ ಮೇಲೆ ಕೂತಿತು. ತೊಲೆಯ ಬುಡ ಬಂಡೆಯ ಮೇಲೆ ಜಾರತೊಡಗಿತು. ಅವನು ಕಾಲು ಅಡ್ಡಕೊಟ್ಟು ಹೆಗಲು ಒತ್ತಿದ.

"ಬಿಟ್ಟು ಓಡ್ಲ್ಯಾ?"

"ಬಿಟ್ರ ನಿನ್ನ ಮ್ಯಾಲೇ ಬೀಳ್ತದ. ಅಲುಗಬ್ಯಾಡ!"

"ನಮ್ಮಕ್ಕಗ ಏನ್ ಹೇಳಬೇಕಂತ ಈಗೇ ಯೋಚನಿ ಮಾಡಿಟ್ಕೋ."

ಸರಿದ ಕಲ್ಲನ್ನು ಮುಂದಿನಿಂದ ಮತ್ತೆ ಒಳಕ್ಕೆ ಬಡಿಯಬೇಕು. ಏಣಿ ಹೊತ್ತು ಗೋಡೆಯ ಮುಂದಕ್ಕೆ ಬರಲು ಹತ್ತು ಹೆಜ್ಜೆ. ಅಷ್ಟು ಉದ್ದದ ಹಾದಿ ನಾನು ಜನ್ಮದಲ್ಲಿ ನಡೆದಿಲ್ಲ. ಹತ್ತಿ, ಮೆಲ್ಲಗೆ ಬಡಿದೆ. ಒಂದೊಂದು ಏಟಿಗೂ ಹಳೆಯ ಗಾರೆ ಅವನ ತಲೆಯ ಮೇಲೆ ಉದುರುತ್ತಿತ್ತು. ಕಲ್ಲು ಎರಡು ಬೆರಳು ಒಳಸರಿದು ಕಚ್ಚಿಕೊಂಡಿತು. ಇನ್ನೆರಡು ಬೆರಳು ಹೋಗಲೊಲ್ಲದು. ಸಂದಿಗೆಲ್ಲ ಕಲ್ಲಿನ ಚಕ್ಕೆ ಜಡಿದೆ. ನರಳುವುದು ನಿಂತಿತು.

"ಬಾ ಈಗ," ಎಂದೆ.

ಅವನು ತೊಲೆ ಬಿಟ್ಟು ಬಂದ. ಗೋಡೆ ನಿಂತಿತ್ತು. ಅವನ ಮೈ ತುಂಬ ಸುಣ್ಣ, ಕಣ್ಣು ಮಾತ್ರ ಕೆಂಪು.

ನನ್ನ ಕೈಲಾಗಲಿಲ್ಲ ಎಂದು ಗುತ್ತೇದಾರನಿಗೆ ಹೇಳಿದೆ. ಆ ಮಾತು ಆಡಿದ್ದು ಅದೊಂದೇ ಸಲ. ಆ ಗೋಡೆಯ ತಂಟೆಗೆ ಮತ್ತಾರೂ ಹೋಗಲಿಲ್ಲ.

ಈಗ ಗುಡ್ಡ ನೋಡಲು ಬರುವವರು ಮುಂದೆ ಚಾಚಿದ ಆ ಕಲ್ಲು ತೋರಿಸಿ, ಸಾಹೇಬ ಚಂದಕ್ಕೆಂದು ಹಾಗೆ ಕೂರಿಸಿದ ಎನ್ನುತ್ತಾರೆ. ಪಕ್ಕದಲ್ಲಿದ್ದರೆ ನನ್ನ ಭಾವಮೈದುನ ನನ್ನ ಮುಖ ನೋಡುತ್ತಾನೆ.

"ಸಾಹೇಬಂದಲ್ರಿ ಅದು, ನಂದು," ಎಂದು ನಾನೇ ಹೇಳಿಬಿಡುತ್ತೇನೆ.