ಓದಿ ಹೇಳಿದ ಹೆಸರು

ಹೆಬ್ಬೆಟ್ಟು ಒತ್ತಿದ ಮೇಲೆ ನಮ್ಮ ಕಡೆಯ ಹೆಂಗಸರು ಬೆರಳಿನ ಮಸಿಯನ್ನು ತಲೆಗೂದಲಿಗೆ ಒರೆಸಿಕೊಳ್ಳುತ್ತಾರೆ. ಎಲ್ಲರೂ ಅಕ್ಕ ಎಂದು ಕರೆಯುತ್ತಿದ್ದ ಆ ಹೆಂಗಸಿಗೆ ಆ ಅನುಕೂಲ ಇರಲಿಲ್ಲ. ಅವಳ ತಲೆಯ ಮೇಲಿದ್ದದ್ದು ಬೆರಳಿನ ಒಂದು ಗೆಣ್ಣಿನಷ್ಟು ಉದ್ದದ ಬಿಳಿಕೂದಲು, ಅದೂ ಅಲ್ಲೊಂದು ಇಲ್ಲೊಂದು ಏರುಪೇರಾಗಿ ಕತ್ತರಿಸಿದ್ದು. ಹಾಗಾಗಿ ಎಡಗೈ ಹೆಬ್ಬೆರಳನ್ನು ನನ್ನ ಟೇಬಲ್ಲಿನ ರೆಕ್ಸಿನ್ನಿಗೆ ಒರೆಸುತ್ತಿದ್ದಳು. ನಾನು ಪ್ರತಿ ಸಲ ಮುಖ ಗಂಟು ಹಾಕುತ್ತಿದ್ದೆ. ಅವಳು ಪ್ರತಿ ಸಲ, "ತೊಳದ್ರ ಹೋಗತೈತಿ ತಮ್ಮಾ" ಅನ್ನುತ್ತಿದ್ದಳು. ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ.

ನಾನು ಗೋಕಾಕದಲ್ಲಿ ಸರ್ಕಾರಿ ಕಚೇರಿಯ ಎದುರು ತಗಡಿನ ಚಪ್ಪರದ ಕೆಳಗೆ ಕೂತು ಅರ್ಜಿ ಬರೆಯುವವನು. ಜನ ನಮ್ಮನ್ನು ಬಾಂಡ್ ರೈಟರ್ ಅನ್ನುತ್ತಾರೆ. ನಾಲ್ಕು ಟೇಬಲ್ಲು ಸಾಲಾಗಿವೆ, ನನ್ನದು ಎರಡನೆಯದು. ನನ್ನ ಭಾಷೆಯ ಬಗ್ಗೆ ನನಗೆ ಸ್ವಲ್ಪ ಜಂಬವೇ ಇತ್ತು. 'ತಮ್ಮ ಘನ ಸನ್ನಿಧಾನದಲ್ಲಿ ಅತ್ಯಂತ ವಿನಮ್ರಳಾಗಿ ಕೈಮುಗಿದು ಬೇಡಿಕೊಳ್ಳುವುದೇನೆಂದರೆ' ಎಂದು ನಾನು ಶುರು ಮಾಡಿದರೆ ಬಾಜೂ ಟೇಬಲ್ಲಿನವನು ಕತ್ತು ಚಾಚಿ ನೋಡಿಕೊಳ್ಳುತ್ತಿದ್ದ. ಅಕ್ಕ ಮೊದಲ ಸಲ ಬಂದಾಗ ಈ ಸಾಲನ್ನು ಓದಿ ಹೇಳಿದೆ. ಅವಳು ಸುಮ್ಮನೆ ಕೇಳಿ, "ಇಷ್ಟ ಕೈ ಮುಗದ್ರ ಸಾಹೇಬ್ರು ನಾವ ಏನೋ ತಪ್ಪ ಮಾಡೇವಿ ಅಂತ ತಿಳ್ಕೋತಾರ. ತಗಿ ಅದನ್ನ" ಅಂದಳು. ನನ್ನನ್ನು ಏಕವಚನದಲ್ಲಿ ಮಾತಾಡಿಸಿದ ಗಿರಾಕಿ ಅವಳೊಬ್ಬಳೇ. ಮೊದಮೊದಲು ಸಿಟ್ಟು ಬರುತ್ತಿತ್ತು. ನನಗಿಂತ ಹತ್ತು ವರ್ಷ ದೊಡ್ಡವಳು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಜಾತಿ ನೆನಪಾದರೆ ಆ ಸಮಾಧಾನವೂ ಉಳಿಯುತ್ತಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ಚಹಾದ ಅಂಗಡಿಗೆ ಪೇಪರ್ ಕಪ್ಪು ಬಂದದ್ದು ನನ್ನಂಥವರಿಗೆ ದೊಡ್ಡ ಉಪಕಾರವಾಗಿತ್ತು. ಅವಳಿಗೆ ಬೇರೆ ಲೋಟ ಕೊಡಬೇಕೋ ಬೇಡವೋ ಎಂಬ ಪ್ರಶ್ನೆಯೇ ಏಳಲಿಲ್ಲ.

ಅವಳು ಕುಲಗೋಡ ಕಡೆಯವಳು. ಹನ್ನೊಂದನೆಯ ವಯಸ್ಸಿಗೆ ಅವಳ ಕೂದಲು ಜಡೆಗಟ್ಟಿತಂತೆ. ಎಣ್ಣೆಯಿಲ್ಲದೆ, ಬಾಚದೆ, ಜ್ವರದಲ್ಲಿ ಮಲಗಿ ಗಂಟಾದ ಕೂದಲು. ಊರವರು ದೇವಿ ಮೈಮೇಲೆ ಬಂದಿದ್ದಾಳೆ ಅಂದರು, ಹಣೆಗೆ ಭಂಡಾರದ ಅರಿಸಿನ ಹಚ್ಚಿದರು, ಮರು ವರ್ಷ ಹುಣ್ಣಿಮೆಗೆ ಕೊರಳಿಗೆ ಮುತ್ತು ಕಟ್ಟಿದರು. ಮುತ್ತು ಕಟ್ಟಿದರೆ ದೇವರಿಗೆ ಬಿಟ್ಟಂತೆ. ಆಮೇಲೆ ಲಗ್ನವಿಲ್ಲ, ಗಂಡನಿಲ್ಲ. ದುಡ್ಡಿದ್ದವನು ಇಟ್ಟುಕೊಳ್ಳುತ್ತಾನೆ, ಸಾಕಾದಾಗ ಬಿಡುತ್ತಾನೆ. ಅವಳನ್ನು ಇಟ್ಟುಕೊಂಡವನು ಎರಡು ಮಕ್ಕಳಾದ ಮೇಲೆ ಬಿಟ್ಟ. ನಲವತ್ತರ ಹತ್ತಿರ ಬಂದಾಗ ಅವಳು ಕುರಿ ಕೂದಲು ಕತ್ತರಿಸುವ ಕತ್ತರಿ ಇಸಿದುಕೊಂಡು ಬಂದು ಮೊಣಕಾಲು ಮುಟ್ಟುತ್ತಿದ್ದ ಜಡೆಯನ್ನು ತಾನೇ ಕತ್ತರಿಸಿಕೊಂಡಳು. "ಎರಡ ದಿನ ಸಾಯ್ತೇನೇನೋ ಅಂತ ಹಾಸಿಗಿ ಹಾಸ್ಕೊಂಡ ಮಲಗಿದ್ದೆ ತಮ್ಮಾ. ಸಾಯಲಿಲ್ಲ. ಮೂರನೇ ದಿನ ಹೊಟ್ಟಿ ಹಸೀತು, ಎದ್ದ ರೊಟ್ಟಿ ಬಡದೆ" ಎಂದು ನಗುತ್ತಾ ಹೇಳಿದ್ದಳು. ಆಮೇಲಿನ ಕೂದಲನ್ನೂ ಅದೇ ಕತ್ತರಿಯಿಂದ ತಾನೇ ಕತ್ತರಿಸಿಕೊಳ್ಳುತ್ತಿದ್ದಳು, ಕನ್ನಡಿ ಇಲ್ಲದೆ.

ಅವಳ ಕೆಲಸ ಶುರುವಾದದ್ದು ಆಮೇಲೆ. ಮೂಡಲಗಿ, ಗೋಕಾಕ, ಹುಕ್ಕೇರಿ ಕಡೆಯ ಹಳ್ಳಿಗಳಿಗೆ ಬಸ್ಸಿನಲ್ಲಿ ಹೋಗಿ ಮುತ್ತು ಕಟ್ಟಿಸಿಕೊಂಡ ಹೆಂಗಸರ ಮನೆಯ ಕಟ್ಟೆಯ ಮೇಲೆ ಕೂರುತ್ತಿದ್ದಳು. ಮಾಸಾಶನ, ರೇಶನ್ ಕಾರ್ಡು, ಮಕ್ಕಳ ಸಾಲಿ, ಎಲ್ಲದಕ್ಕೂ ಅರ್ಜಿ. ಹುಣ್ಣಿಮೆ ಹತ್ತಿರ ಬಂತೆಂದರೆ ಅವಳ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಕಾಯಿದೆ ಬಂದ ಮೇಲೆ ಗುಡಿಯಲ್ಲಿ ಯಾರೂ ಮುತ್ತು ಕಟ್ಟುವುದಿಲ್ಲ, ಮನೆಯೊಳಗೆ ಸದ್ದಿಲ್ಲದೆ ಕಟ್ಟುತ್ತಾರೆ. ಯಾವ ಮನೆಯಲ್ಲಿ ಹೊಸ ಸೀರೆ ಬಂದಿದೆ, ಯಾವ ಹುಡುಗಿ ಸಾಲಿ ಬಿಟ್ಟಿದ್ದಾಳೆ ಎಂಬುದೆಲ್ಲ ಅವಳಿಗೆ ಹೇಗೋ ಗೊತ್ತಾಗುತ್ತಿತ್ತು. ಒಂದು ಸಲ ಒಬ್ಬ ಹೆಡ್ ಮಾಸ್ತರರು ತಂದೆಯ ಹೆಸರಿಲ್ಲದ ಮಗುವನ್ನು ಸೇರಿಸಿಕೊಳ್ಳಲು ಬರುವುದಿಲ್ಲ ಅಂದರಂತೆ. ಅಕ್ಕ ಅವರ ಎದುರು ಕುರ್ಚಿ ಎಳೆದುಕೊಂಡು ಕೂತು, "ಹೆಸರ ಹೇಳಾಕ ನಮಗ ನಾಚಿಕಿ ಇಲ್ರಿ. ಬರಕೊಳ್ಳಾಕ ನಿಮಗ ಎದಿ ಐತೇನ್ರಿ?" ಎಂದು ಕೇಳಿದಳಂತೆ. ಮಗುವನ್ನು ಸೇರಿಸಿಕೊಂಡರು. ಇದನ್ನು ನನಗೆ ಹೇಳುವಾಗ ಅವಳು ಚಹಾ ಚೆಲ್ಲುವಷ್ಟು ನಕ್ಕಿದ್ದಳು, ನಾನೂ ನಕ್ಕಿದ್ದೆ.

ಎದೆ ಯಾರಿಗಿಲ್ಲ ಅನ್ನುವುದು ಗೊತ್ತಾಗಲು ಬಹಳ ದಿನ ಬೇಕಾಗಲಿಲ್ಲ.

ಆ ವರ್ಷ ಭಾರತ ಹುಣ್ಣಿಮೆಗೆ ಇನ್ನು ಐದು ದಿನ ಇತ್ತು. ಅಕ್ಕ ಬೆಳಿಗ್ಗೆ ಕಚೇರಿ ತೆರೆಯುವ ಮೊದಲೇ ಬಂದಳು. ಹತ್ತರಗಿಯಿಂದ ಒಳಗೆ ಹೋಗುವ ಒಂದು ಹಳ್ಳಿಯಲ್ಲಿ ಎಂಟನೆಯ ಇಯತ್ತೆಯ ಹುಡುಗಿ. ತಾಯಿಯೂ ಮುತ್ತು ಕಟ್ಟಿಸಿಕೊಂಡವಳೇ. ಹುಡುಗಿಗೆ ಮುತ್ತು ಕಟ್ಟುವುದು ತಾಯಿಯ ಮನೆಯಲ್ಲಲ್ಲ, ಊರ ಹಿರಿಯನೊಬ್ಬನ ತೋಟದ ಮನೆಯಲ್ಲಿ. ಖರ್ಚೆಲ್ಲಾ ಅವನದೇ. ಯಾಕೆ ಅವನದು ಅನ್ನುವುದನ್ನು ಬಿಡಿಸಿ ಹೇಳಬೇಕಾಗಿಲ್ಲ.

"ಹೆಸರ ಬರಿ ತಮ್ಮಾ. ಅವನ ಹೆಸರು, ಅವರಪ್ಪನ ಹೆಸರು, ಅಡ್ಡಹೆಸರು, ಊರು, ತ್ವಾಟ ಎಲ್ಲಿ ಬರತೈತಿ, ಎಲ್ಲಾ ಬರಿ. ಸಾಹೇಬ್ರು ಸೀದಾ ಅಲ್ಲೇ ಹೋಗಬೇಕು" ಎಂದು ಹೆಸರು ಹೇಳಿದಳು.

ಅವನು ನನ್ನ ತಂಗಿಯ ಮಾವ.

ಅಕ್ಕನಿಗೆ ಅದು ಗೊತ್ತಿರಲಿಲ್ಲ. ಗೊತ್ತಾಗುವ ದಾರಿಯೂ ಇರಲಿಲ್ಲ. ತಂಗಿಯನ್ನು ಆ ಮನೆಗೆ ಕೊಟ್ಟು ಒಂಬತ್ತು ವರ್ಷವಾಗಿತ್ತು, ಎರಡೂ ಹೆಣ್ಣುಮಕ್ಕಳು, ಅದಕ್ಕೇ ಅಲ್ಲಿ ಅವಳ ಮಾತಿಗೆ ಬೆಲೆ ಇರಲಿಲ್ಲ. ಆ ಮನೆಯಲ್ಲಿ ಮಾವ ಹೇಳಿದ್ದೇ ಕೊನೆ. ಈ ಅರ್ಜಿ ನನ್ನ ಟೇಬಲ್ಲಿನಿಂದ ಹೋಯಿತೆಂದು ಗೊತ್ತಾದರೆ ತಂಗಿ ಎರಡು ಮಕ್ಕಳನ್ನು ಕಟ್ಟಿಕೊಂಡು ಸಂಜೆ ಬಸ್ಸಿಗೇ ನಮ್ಮ ಬಾಗಿಲಿಗೆ ಬಂದು ನಿಲ್ಲಬೇಕಾಗುತ್ತಿತ್ತು.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ. ದೊಡ್ಡವರ ಹೆಸರು ಬಂದ ಕಡೆ 'ಗ್ರಾಮದ ಕೆಲವರು' ಎಂದು ಬರೆದು ಮುಂದೆ ಹೋಗುವುದು. ಬರೆದವನಿಗೂ ತಂಟೆಯಿಲ್ಲ, ಓದುವವರಿಗೂ ತಂಟೆಯಿಲ್ಲ. ಅದನ್ನೇ ಬರೆದೆ. ಹೆಸರು ಬಿಟ್ಟೆ, ತೋಟದ ಮನೆ ಬಿಟ್ಟೆ. ಅಷ್ಟಕ್ಕೇ ನಿಂತಿದ್ದರೂ ಒಂದು ಮಾತು. ಹೆಬ್ಬೆಟ್ಟು ಒತ್ತುವ ಮೊದಲು ಅಕ್ಕ ಯಾವಾಗಲೂ ಪೂರ್ತಿ ಓದಿಸುತ್ತಿದ್ದಳು. ಅವತ್ತೂ, "ಓದಿ ಹೇಳ" ಅಂದಳು. ನಾನು ಓದಿದೆ. ಕಾಗದದ ಮೇಲೆ ಕಣ್ಣಿಟ್ಟು, ಅಲ್ಲಿ ಇಲ್ಲದ ಹೆಸರನ್ನು, ಅವನ ತಂದೆಯ ಹೆಸರನ್ನು, ಅಡ್ಡಹೆಸರನ್ನು, ತೋಟದ ದಾರಿಯನ್ನು ತಡವರಿಸದೆ ಓದಿ ಹೇಳಿದೆ. ಅಕ್ಕ ಕಣ್ಣು ಮುಚ್ಚಿಕೊಂಡು ಕೇಳಿದಳು. "ಭೇಷ್ ಬರದೀ" ಅಂದಳು. ಹೆಬ್ಬೆಟ್ಟು ಒತ್ತಿದಳು.

ಅರ್ಜಿ ಹಿಡಿದು ಸಾಹೇಬರು ಹಳ್ಳಿಗೆ ಹೋದದ್ದು ನಿಜ. ಕಾಗದದಲ್ಲಿ ತಾಯಿಯ ಹೆಸರು ಮಾತ್ರ ಇತ್ತು, ತಾಯಿಯ ಮನೆಗೆ ಹೋದರು. ಅವಳು ಅಂಥದ್ದೇನೂ ಇಲ್ಲ ಅಂದಳು, ಮುಚ್ಚಳಿಕೆ ಬರೆದುಕೊಟ್ಟಳು. ಬೇರೆ ಎಲ್ಲಿಗೆ ಹೋಗಬೇಕೆಂದು ಕಾಗದ ಹೇಳಿರಲಿಲ್ಲ. ಹುಣ್ಣಿಮೆಯ ಬೆಳಿಗ್ಗೆ ಅಕ್ಕ ಒಬ್ಬಳೇ ಆ ತೋಟದ ದಾರಿಯಲ್ಲಿ ಕೂತಿದ್ದಳಂತೆ, ಒಳಗೆ ಬಿಡಲಿಲ್ಲ. ಈಗ ಜೀಪು ಬರುತ್ತದೆ, ಆಗ ಬರುತ್ತದೆ ಎಂದು ಮಧ್ಯಾಹ್ನದವರೆಗೆ ಕಾದಳಂತೆ. ಬಂದದ್ದು ಹುಡುಗಿ, ಹಸಿರು ಬಳೆ ಹಾಕಿಕೊಂಡು, ಕೊರಳಲ್ಲಿ ಕೆಂಪು ಬಿಳಿ ಮುತ್ತು ಹಾಕಿಕೊಂಡು.

ಎರಡು ದಿನ ಬಿಟ್ಟು ನನ್ನ ಟೇಬಲ್ಲಿಗೆ ಬಂದಾಗ ಅವಳ ದನಿ ಬಿದ್ದುಹೋಗಿತ್ತು. "ಅರ್ಜ್ಯಾಗ ಯಾರ ಹೆಸರೂ ಇರಲಿಲ್ಲ ಅಂತಾರ ತಮ್ಮಾ. ಭಾಡ್ಯಾಗೋಳು ಕಾಗದಾನ ಬದಲಿ ಮಾಡ್ಯಾರ. ನಮ್ಮ ರೈಟರ್ ಬರದಾನು, ನನಗ ಓದಿ ಹೇಳ್ಯಾನು ಅಂತ ಆಫೀಸಿನ ತುಂಬಾ ಬಡದಾಡಿ ಬಂದೆ. ನನ್ನ ಕಡೆ ನಕಲ ಐತಿ ಅಂದ್ರ, ಆಗೂದ ಆಗೇತಿ ಹೋಗ ಅಂದ್ರು."

ನಾನು, "ಸರ್ಕಾರಿ ಕೆಲಸ ಅಂದ್ರ ಹಂಗ ಅಕ್ಕಾ" ಅಂದೆ. ಇಷ್ಟನ್ನೇ ಅಂದೆ. ಚಹಾ ತರಿಸಿದೆ.

ಆಗ ಅವಳು ಅಂದಳು, "ಇನ್ನ ಯಾರೂ ನನಗ ಮೋಸ ಮಾಡಬಾರದು. ಓದಾಕ ಕಲಸ ನನಗ."

ಕಲಿಸಿದೆ. ಎರಡು ವರ್ಷ, ಕಚೇರಿ ಊಟಕ್ಕೆ ಬಿಟ್ಟ ಹೊತ್ತಿನಲ್ಲಿ, ಕೆಟ್ಟುಹೋದ ಫಾರ್ಮುಗಳ ಬೆನ್ನಿನ ಮೇಲೆ. ಬಸ್ಸಿನ ಬೋರ್ಡಿನಿಂದ ಶುರು ಮಾಡಿದೆವು. ಕುಲಗೋಡ, ಮೂಡಲಗಿ ಬೇಗ ಬಂದವು. ಹುಕ್ಕೇರಿಗೆ ವಾರ ಹಿಡಿಯಿತು. "ಇವು ಕೆಳಗ ಜೋತ ಬೀಳೋವು ಯಾಕ ಬೇಕು? ಮ್ಯಾಲ ಜಾಗಾ ಇರಲಿಲ್ಲೇನು?" ಎಂದು ಒತ್ತಕ್ಷರದ ಮೇಲೆ ರೇಗುತ್ತಿದ್ದಳು. ಪ್ರಾಯಶ್ಚಿತ್ತ ಮಾಡುತ್ತಿದ್ದೇನೆ ಎಂದು ನಾನು ನನಗೆ ಹೇಳಿಕೊಳ್ಳುತ್ತಿದ್ದೆ. ಹಾಗಿದ್ದರೆ ಅವಳು ಒಂದು ಸಾಲು ತಪ್ಪಿಲ್ಲದೆ ಓದಿದ ದಿನ ನನಗೆ ಊಟ ಯಾಕೆ ಸೇರುತ್ತಿರಲಿಲ್ಲ? ಕೊಟ್ಟ ಅರ್ಜಿಗಳ ಶಿಕ್ಕಾ ಹೊಡೆದ ನಕಲನ್ನೆಲ್ಲ ಅವಳು ಮನೆಯಲ್ಲಿ ಟ್ರಂಕಿನಲ್ಲಿ ಇಟ್ಟಿದ್ದಳು. ಒಂದು ದಿನ ಧೈರ್ಯ ಮಾಡಿ, "ಹಳೇ ಕಾಗದ ಯಾಕ ಅಕ್ಕಾ, ಗೊರಲಿ ಹುಳ ಹತ್ತತಾವು, ಸುಟ್ಟ ಬಿಡು" ಅಂದೆ. "ನನ್ನ ಆಸ್ತಿ ಐತಿ ಅದು" ಅಂದಳು. ಕೆಲವು ಸಲ ಬೇಕೆಂದೇ ಕೆಲಸದ ನೆಪ ಹೇಳಿ ಪಾಠ ತಪ್ಪಿಸಿದ್ದೇನೆ. ಅಂಥ ಗುರು ನಾನು.

ಅದರಲ್ಲಿ ಏನಿದೆ ಎಂದು ತನಗೆ ಗೊತ್ತಿದೆ ಎಂದೇ ಅವಳು ನಂಬಿದ್ದಳು, ಹಾಗಾಗಿ ಟ್ರಂಕಿನ ತಳದ ಆ ಕಾಗದ ತೆಗೆಯುವ ಕಾರಣ ಬರಲಿಲ್ಲ. ಆ ಅರ್ಜಿ ಕೊಟ್ಟು ಐದು ವರ್ಷ ಕಳೆಯಿತು. ನನಗೆ ಮರೆವೂ ಬಂದಿತ್ತು, ಅಥವಾ ಬಂದ ಹಾಗೆ ನಡೆದುಕೊಳ್ಳುವುದು ರೂಢಿಯಾಗಿತ್ತು.

ಒಂದು ಮಧ್ಯಾಹ್ನ ಅಕ್ಕ ಬಂದಳು. ಜೊತೆಗೆ ಹದಿನೆಂಟು ತುಂಬಿದ ಒಬ್ಬ ಹುಡುಗಿ, ಕೊರಳು ಬರಿದು. ಯಾರೆಂದು ಕೇಳುವ ಮೊದಲೇ ಅಕ್ಕ ಆ ಹಳೆಯ ನಕಲನ್ನು ಟೇಬಲ್ಲಿನ ಮೇಲೆ ಹರಡಿದಳು. ಹುಡುಗಿ ತೋಟದ ಮನೆಯಿಂದ ತಾನಾಗಿ ಹೊರಬಂದಿದ್ದಳು, ಕೇಸು ಹಾಕುತ್ತೇನೆ ಅಂದಿದ್ದಳು. ಅವತ್ತೇ ದೂರು ಕೊಟ್ಟಿದ್ದೆವು ಎಂದು ಅವಳಿಗೆ ತೋರಿಸಲು ಅಕ್ಕ ಕಾಗದ ಹೊರತೆಗೆದಿದ್ದಳು.

ಅಕ್ಕ ಓದತೊಡಗಿದಳು. ನಾನು ಕಲಿಸಿದ ಹಾಗೆಯೇ, ಅಕ್ಷರದ ಕೆಳಗೆ ಬೆರಳಿಟ್ಟು, ಒಂದೊಂದೇ ಪದ. 'ಗ್ರಾಮದ ಕೆಲವರು' ಎಂಬಲ್ಲಿ ಬೆರಳು ನಿಂತಿತು. ಮತ್ತೆ ಹಿಂದಿನ ಸಾಲಿಗೆ ಹೋಗಿ ಅಲ್ಲಿಂದ ಓದಿದಳು. ಮನೆಯಲ್ಲಿ ಎಷ್ಟು ಸಲ ಹೀಗೆ ಓದಿದ್ದಳೋ. ನಂತರ ನನ್ನ ಮುಖ ನೋಡಿದಳು.

"ಅವ ನನ್ನ ತಂಗಿ ಮಾವ ಅಕ್ಕಾ" ಅಂದೆ. ಬೇರೆ ಏನು ಹೇಳಲಿ?

ಅವಳು ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ನಕಲನ್ನು ಮಡಚಿಕೊಳ್ಳುತ್ತಾ, "ಇದನ್ನ ಅವತ್ತ ಹೇಳಿದ್ರ ಆಗತಿತ್ತಲ್ರಿ" ಅಂದಳು. "ನನ್ನ ಕಡಿಂದ ಆಗೂದಿಲ್ಲ ಅಂದಿದ್ರ ಸಾಕಿತ್ತು. ಬಾಜೂ ಟೇಬಲ್ಲಿಗೆ ಹೋಗಿ ಬರಸ್ತಿದ್ದೆ."

ಇಷ್ಟು ವರ್ಷ ನಾನು ತಂಗಿಯ ಬಾಳು ಒಂದು ಕಡೆ, ಯಾರದೋ ಹುಡುಗಿ ಇನ್ನೊಂದು ಕಡೆ ಎಂದು ತೂಗಿ ತೂಗಿ ನನ್ನ ಮೇಲೆ ನಾನೇ ಕನಿಕರ ಪಟ್ಟಿದ್ದೆ. ಬಾಜೂ ಟೇಬಲ್ಲು ನಾಲ್ಕು ಹೆಜ್ಜೆ ದೂರದಲ್ಲಿತ್ತು. ಅಲ್ಲಿ ಬರೆಸಿದ್ದರೆ ತಂಗಿಗೂ ಏನೂ ಆಗುತ್ತಿರಲಿಲ್ಲ, ನನ್ನ ಹೆಸರು ಎಲ್ಲೂ ಬರುತ್ತಿರಲಿಲ್ಲ. ನನಗೆ ಅದು ಹೊಳೆಯಲೇ ಇಲ್ಲ. ಅಕ್ಕನೆದುರು ಒಳ್ಳೆಯವನಾಗಿ ಉಳಿಯಬೇಕಿತ್ತು, ಇಲ್ಲ ಅನ್ನಲು ನಾಚಿಕೆಯಾಗಿತ್ತು. ಹುಡುಗಿಯ ಐದು ವರ್ಷ ಹೋದದ್ದು ಅದಕ್ಕೆ.

ಅವಳು ಹುಡುಗಿಯನ್ನು ಕರೆದುಕೊಂಡು ಬಾಜೂ ಟೇಬಲ್ಲಿಗೆ ಹೋದಳು. ಹೊಸ ದೂರು ಬರೆಸಿದಳು. ಬರೆದದ್ದನ್ನು ತಾನೇ ಓದಿ ನೋಡಿದಳು. ಹೋಗುವಾಗ ನನ್ನ ಹತ್ತಿರ ನಿಂತು, "ಅವತ್ತ ನಾ ಹೆಸರ ಹೇಳಿದ್ದೆ ಅಂತ ಪೊಲೀಸರ ಮುಂದ ಹೇಳಿಕಿ ಕೊಡ್ತೀರೇನ್ರಿ?" ಎಂದು ಕೇಳಿದಳು. "ವಿಚಾರ ಮಾಡ್ತೇನಿ ಅಕ್ಕಾ" ಅಂದೆ. ಅವಳು ತಮ್ಮಾ ಅನ್ನುವುದನ್ನು ಬಿಟ್ಟಿದ್ದಳು. ಅದು ಅವತ್ತು ಬೇರೆ ಎಲ್ಲಕ್ಕಿಂತ ಹೆಚ್ಚು ನೋಯಿಸಿತು ಎಂದರೆ ನನ್ನ ಯೋಗ್ಯತೆ ಎಷ್ಟೆಂದು ನೀವೇ ತಿಳಿದುಕೊಳ್ಳಿ.

ನಾನು ವಿಚಾರ ಮಾಡುತ್ತಲೇ ಇದ್ದೆ. ಮಳೆಗಾಲ ಬಂತು. ಅಕ್ಕನಿಗೆ ಕಾಮಾಲೆ ಆಯಿತು, ಔಷಧಿ ತಿಂದು ಎದ್ದು ಮತ್ತೆ ಬಸ್ಸು ಹತ್ತಿದಳು, ಶ್ರಾವಣದಲ್ಲಿ ಮಲಗಿದವಳು ಏಳಲಿಲ್ಲ. ಮಣ್ಣಿಗೆ ಹೋದೆ. ಮೂರು ತಾಲೂಕಿನ ಹೆಂಗಸರು ಬಂದಿದ್ದರು, ಎಷ್ಟೋ ಜನರ ಅರ್ಜಿ ನನ್ನ ಕೈಯಿಂದಲೇ ಆದದ್ದು, ನಮಸ್ಕಾರ ಮಾಡಿದರು. ಎಲ್ಲರ ಹಾಗೆ ನಾನೂ ಒಂದು ಹಿಡಿ ಮಣ್ಣು ಹಾಕಿ ಹಿಂದಕ್ಕೆ ಸರಿದೆ.

ಆ ಹುಡುಗಿ ಪಕ್ಕಕ್ಕೆ ಬಂದು ನಿಂತಳು. ಅತ್ತು ಕಣ್ಣು ಕೆಂಪಾಗಿದ್ದವು, ಮಾತು ಮಾತ್ರ ನೆಟ್ಟಗಿತ್ತು.

"ನೀವು ಹೇಳಿಕಿ ಕೊಡಾಕ ಬರ್ತೀನಿ ಅಂದೀರಂತ್ರಿ. ಅಕ್ಕ ಹೇಳ್ಯಾಳ. ಯಾವಾಗ ಬರ್ತೀರಿ?"

ನಾನು ಅಕ್ಕನಿಗೆ ಹಾಗೆಂದು ಹೇಳಿರಲಿಲ್ಲ. ಅವಳು ಸಾಯುವ ತನಕ ಅವಳಿಗೆ ನನ್ನಿಂದ ಹೌದು ಎಂಬ ಮಾತು ಸಿಕ್ಕಿರಲಿಲ್ಲ. ಆದರೂ ಹುಡುಗಿಯ ಮುಂದೆ ನನ್ನ ಪರವಾಗಿ ಮಾತು ಕೊಟ್ಟು ಹೋಗಿದ್ದಳು. ಅವಳು ಸುಳ್ಳು ಹೇಳಿದ್ದು ನನಗೆ ತಿಳಿದ ಮಟ್ಟಿಗೆ ಅದೊಂದೇ.

"ಸೋಮವಾರ" ಅಂದೆ.

ಸೋಮವಾರ ಪೊಲೀಸ್ ಠಾಣೆಗೆ ಹೋದೆ. ಅವನ ಹೆಸರು, ಅವನ ತಂದೆಯ ಹೆಸರು, ಅಡ್ಡಹೆಸರು, ಊರು, ತೋಟದ ದಾರಿ ಎಲ್ಲವನ್ನೂ ಹೇಳಿದೆ. ಐದು ವರ್ಷದ ಹಿಂದೆ ಓದಿ ಹೇಳಿದ್ದೆನಲ್ಲ, ಬಾಯಿಪಾಠವಾಗಿತ್ತು.