ನಂಬರಿಲ್ಲದ ವಸ್ತಿ

ನನ್ನ ಸೋದರತ್ತೆ ಇರುವುದು ಗೊಳಸಂಗಿ ಊರೊಳಗಲ್ಲ, ವಸ್ತಿಯಲ್ಲಿ. ಹೊಲದಲ್ಲೇ ಮನೆ ಕಟ್ಟಿಕೊಂಡು ಇರುವುದಕ್ಕೆ ನಮ್ಮ ಕಡೆ ವಸ್ತಿ ಅನ್ನುತ್ತೇವೆ. ಅಲ್ಲಿ ಓಣಿಯಿಲ್ಲ, ಬಾಗಿಲ ಮೇಲೆ ನಂಬರೂ ಇಲ್ಲ. ಬೇವಿನ ಮರ ದಾಟಿ ಬಲಕ್ಕೆ ಅಂದರೆ ವಿಳಾಸ ಮುಗಿಯಿತು.

ಅತ್ತೆಗೆ ವಾರಕ್ಕೆರಡು ಸಲ ಬಸವನ ಬಾಗೇವಾಡಿಯಲ್ಲಿ ಡಯಾಲಿಸಿಸ್ ಆಗಬೇಕು. ಮಗನ ಬೈಕಿನ ಮೇಲೆ ಹೋಗಿಬರುತ್ತಿದ್ದಳು. ಈಚೆಗೆ ಹಿಂದೆ ಕೂರುವ ಶಕ್ತಿಯೂ ಇಲ್ಲ. ಅಲ್ಲಿನ ಡಯಾಲಿಸಿಸ್ ಕೇಂದ್ರದವರು ರೋಗಿಗಳಿಗಾಗಿ ಗಾಡಿ ಬಿಟ್ಟಿದ್ದಾರೆ. ಮೊಬೈಲಿನಲ್ಲಿ ಹೆಸರು ಹಚ್ಚಿದರೆ ಮನೆತನಕ ಬರುತ್ತದೆ. ಆ ಹೆಸರು ಹಚ್ಚುವ ವೆಬ್ ಪುಟ ನೋಡಿಕೊಳ್ಳುವ ಕೆಲಸ ಈಚೆಗೆ ನನ್ನ ಕೊರಳಿಗೆ ಬಿದ್ದಿದೆ. ಇಂಡಿಯಲ್ಲಿ ಕೂತು ಮಾಡುತ್ತೇನೆ. ಅತ್ತೆಯ ಮನೆಯವರಿಗೆ ಇದು ಗೊತ್ತಿರಲಿಲ್ಲ.

ಮೊನ್ನೆ ನೋಡಲು ಹೋದರೆ ಅತ್ತೆಯ ಕಾಲುಗಳು ಬಾತಿದ್ದವು, ಮಾತಾಡಲು ಉಸಿರು ಸಾಲುತ್ತಿರಲಿಲ್ಲ. ಡಯಾಲಿಸಿಸ್ಸಿನ ಒಂದು ಪಾಳಿ ತಪ್ಪಿತ್ತು.

"ಗಾಡಿ ಕರಸಲಿಲ್ಲೇನು?" ಅಂದೆ.

"ಹೆಸರು ಹಚ್ಚಿ ನೋಡಿದೆ. ನಮಗ ಬರಂಗಿಲ್ಲಂತ," ಅಂದ ಅವಳ ಮಗ.

"ಯಾರು ಹೇಳಿದ್ರು?"

"ಮೊಬೈಲ್‌ನಾಗ ಕೆಂಪಗ ಬಂತು."

ತೋರಿಸಿದ. "ವಸ್ತಿ, ಗೊಳಸಂಗಿ" ಎಂದು ಬರೆದಿದ್ದ, ಕೆಳಗೆ "ವಿಳಾಸ ಸರಿಯಿಲ್ಲ" ಎಂದು ಕೆಂಪಕ್ಷರ. ಅಲ್ಲೇ ಲ್ಯಾಪ್‌ಟಾಪ್ ತೆಗೆದೆ. ವಿಳಾಸದ ಖಾನೆಗೆ ಒಂದು ರೆಗ್ಯುಲರ್ ಎಕ್ಸ್‌ಪ್ರೆಶನ್ ಹಾಕಿದ್ದರು. ಅಂದರೆ, ಬರೆದದ್ದು ಹೇಳಿದ ಅಚ್ಚಿನಲ್ಲೇ ಇದೆಯೋ ಇಲ್ಲವೋ ನೋಡುವ ಸಾಲು. ಮೊದಲು ಅಂಕಿ, ಆಮೇಲೆ ಓಣಿ, ಆಮೇಲೆ ಊರು. ನಂಬರಿಲ್ಲದ ಮನೆಯಲ್ಲಿ ಮನುಷ್ಯರಿಗೆ ಜಡ್ಡೇ ಬರುವುದಿಲ್ಲ ಅಂದುಕೊಂಡಿದ್ದ ಪುಣ್ಯಾತ್ಮ ಯಾರೋ ನನಗಿಂತ ಮೊದಲು ಬರೆದು ಹೋಗಿದ್ದ.

ಕೇಂದ್ರದ ಮ್ಯಾನೇಜರಿಗೆ ಫೋನ್ ಹಚ್ಚಿ, ಆ ಸಾಲು ತೆಗೆಯುತ್ತೇನೆ ಅಂದೆ.

"ಅದನ್ನ ತಗೀಬ್ಯಾಡ್ರಿ ಮೇಡಂ. ಮನಸಿಗೆ ಬಂದಂಗ ಬರದ್ರ ಡ್ರೈವರ್ ಎಲ್ಲಿ ಹುಡುಕಬೇಕ್ರಿ?"

"ಊರಾಗ ಕೇಳ್ತಾನ್ರಿ. ನಾ ಪೇಶಂಟ್ ಮುಂದ ಕುಂತೇನಿ, ಆಕಿ ನಮ್ಮ ಅತ್ತಿ."

"ಹಂಗಾದ್ರ ಮಾಡ್ರಿ," ಅಂದರು.

ಖಾನೆ ಖಾಲಿ ಇರಬಾರದು ಅನ್ನುವುದಷ್ಟನ್ನೇ ಉಳಿಸಿ, ಅತ್ತೆಯ ಹೆಸರು ಮತ್ತೆ ಹಚ್ಚಿದೆ. ಮರುದಿನ ಮುಂಜಾನೆ ಗಾಡಿ ಬಂತು. ಡ್ರೈವರ್ ಯಾರನ್ನೂ ಹೆಚ್ಚು ಕೇಳಬೇಕಾಗಲಿಲ್ಲ. ಅತ್ತೆಯನ್ನು ಎತ್ತಿ ಕೂರಿಸಿದೆವು.

ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳದಲ್ಲೂ ಇದೇ ಪುಟ ನಡೆಯುತ್ತದೆ. ಹೊರ್ತಿ, ತಾಂಬಾ ಊರುಗಳ ಸುತ್ತ ವಸ್ತಿಗಳಿಗೇನು ಬರವೇ? ಹೆಸರು ಹಚ್ಚಿದವರ ಪಟ್ಟಿಯನ್ನೆಲ್ಲ ನೋಡಿದೆ. ಅತ್ತೆಯನ್ನು ಬಿಟ್ಟರೆ ಎಲ್ಲರಿಗೂ ಮನೆ ನಂಬರಿತ್ತು, ವಸ್ತಿಯವರು ಒಬ್ಬರೂ ಇರಲಿಲ್ಲ. ವಾಪಸ್ ಕಳಿಸಿದವರ ಹೆಸರನ್ನು ಆ ಪುಟ ಎಲ್ಲೂ ಇಟ್ಟುಕೊಳ್ಳುವುದಿಲ್ಲ. ಅವರೂ ಜಗಳಕ್ಕೆ ಬಂದಿಲ್ಲ, ಮೊಬೈಲ್ ಬದಿಗಿಟ್ಟು ಸುಮ್ಮನಾಗಿದ್ದಾರೆ. ಅವರಲ್ಲಿ ಯಾರು ಬದುಕಿದ್ದಾರೆ, ಯಾರಿಲ್ಲ ಎಂದು ಕೇಳಲು ನನ್ನ ಹತ್ತಿರ ಒಂದು ಫೋನ್ ನಂಬರೂ ಇಲ್ಲ.