ದೋಸೆಗೆ ಚಮಚ ಕೇಳಿ ಬಂದವರು

ನನ್ನ ಗಂಡ ದೋಸೆಗೆ ಚಮಚ ಕೊಡುತ್ತಿರಲಿಲ್ಲ. ಕಾಂದಿವಲಿ ಸ್ಟೇಷನ್ನಿಗೆ ಹತ್ತಿರವಿದ್ದ ನಮ್ಮ ಹನ್ನೊಂದು ಟೇಬಲಿನ ಹೋಟೆಲಿನಲ್ಲಿ ಚಮಚ ಇರಲಿಲ್ಲವೆಂದಲ್ಲ. ಸಾಂಬಾರಿನಲ್ಲಿ ಮುಳುಗಿಸಿದ ಇಡ್ಲಿಗೆ ಕೊಡುತ್ತಿದ್ದರು, ಶಿರಾಕ್ಕೆ ಕೊಡುತ್ತಿದ್ದರು. ದೋಸೆಗೆ ಯಾರಾದರೂ ಕೇಳಿದರೆ ಮಾತ್ರ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದು ಟೇಬಲಿನ ಪಕ್ಕ ನಿಲ್ಲುತ್ತಿದ್ದರು. "ಚಮ್ಮಚ್ ನಹೀಂ ಮಿಲೇಗಾ. ಭಗವಾನ್ ನೇ ಪಾಂಚ್ ಉಂಗಲೀ ದಿಯಾ ಹೈ, ಓ ಕ್ಯಾ ಸಿರ್ಫ್ ಮೊಬೈಲ್ ಕೇ ಲಿಯೇ?" ಎಂದು, ದೇವರು ಕೊಟ್ಟ ಐದು ಬೆರಳು ಬರೀ ಮೊಬೈಲಿಗೇನು ಎಂದು, ತಮ್ಮ ಉಡುಪಿ ಹಿಂದಿಯಲ್ಲಿ ಗದರುತ್ತಿದ್ದರು. ಗದರಿ, ತಾವೇ ಇನ್ನೊಂದು ಸೌಟು ಚಟ್ನಿ ಬಡಿಸುತ್ತಿದ್ದರು.

ಮಗಳು ಒಮ್ಮೆ ಅದನ್ನು ಫೋನಿನಲ್ಲಿ ವಿಡಿಯೊ ತೆಗೆದಿಟ್ಟುಕೊಂಡಿದ್ದಳು. "ಪಪ್ಪಾ, ಹೋಟೆಲಿಗೆ ಒಂದು ಪೇಜ್ ಮಾಡುವ. ಎಲ್ಲರೂ ಮಾಡ್ತಾರೆ" ಎಂದು ಎಷ್ಟೋ ಸಲ ಕೇಳಿದ್ದಳು. "ಎಂಥ ಪೇಜು ಮಾರಾಯ್ತಿ, ಏಳು ಗಂಟೆಗೆ ಬಾಗಿಲು ತೆಗೆದ್ರೆ ಜನ ಬರ್ತಾರೆ" ಎಂದು ಅವರು ನಕ್ಕುಬಿಡುತ್ತಿದ್ದರು.

ಆಷಾಢದ ಒಂದು ಬೆಳಿಗ್ಗೆ ಅವರು ಹೋಟೆಲಿಗೆ ಹೊರಡಲು ಚಪ್ಪಲಿ ಹಾಕಿಕೊಳ್ಳುತ್ತ ಅಲ್ಲೇ ಬಾಗಿಲ ಬಳಿ ಕುಸಿದರು. ಆಸ್ಪತ್ರೆ ತಲುಪುವ ಮೊದಲೇ ಎಲ್ಲ ಮುಗಿದಿತ್ತು.

ಹದಿಮೂರನೆಯ ದಿನದ ವೈಕುಂಠ ಸಮಾರಾಧನೆ ಮುಗಿದ ಮರುದಿನ ಬಾಗಿಲು ತೆಗೆದೆವು. ನಮ್ಮವರ ಎಲ್ಲ ಹೋಟೆಲುಗಳಲ್ಲಿ ಮಾಡುವ ಹಾಗೆ ಗಲ್ಲಾದ ಮೇಲೆ ಅವರ ಫೋಟೋ ತೂಗುಹಾಕಿ, ಗಂಧದ ಹಾರ ಹಾಕಿ, ಕೆಂಪು ಬಲ್ಬು ಹಚ್ಚಿದೆವು. ಅದರ ಕೆಳಗೆ ನಾನು ಕುಳಿತೆ. ಆ ಗೋಡೆಗೆ ಬೆನ್ನು ಕೊಟ್ಟು ಕೂರುವುದು ಹೇಗೋ ನಡೆಯುತ್ತಿತ್ತು, ತಿರುಗಿ ನೋಡಲು ಆಗುತ್ತಿರಲಿಲ್ಲ. ಮುಚ್ಚಿದ್ದ ಆ ದಿನಗಳಲ್ಲಿ ಗಿರಾಕಿಗಳು ಬೇರೆ ಕಡೆ ಹೋಗಿ ಅರ್ಧ ಟೇಬಲುಗಳು ಖಾಲಿಯಾಗಿದ್ದವು. ಮೈದುನ ಕೆಟ್ಟವನಲ್ಲ. "ಅತ್ತಿಗೆ, ದೀಪಾವಳಿವರೆಗೆ ನೋಡುವ. ಆಗ್ಲಿಲ್ಲಾಂದ್ರೆ ನಡೆಸ್ಲಿಕ್ಕೆ ಬೇರೆಯವರಿಗೆ ಕೊಡುವ" ಎಂದ. ಅವರು ಇಪ್ಪತ್ತೆರಡು ವರ್ಷ ನಿಂತ ಜಾಗ ಅದು. ಬೇರೆಯವರು ಅಲ್ಲಿ ನಿಲ್ಲುವುದನ್ನು ನೆನೆಸಿದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಮಗಳು ಪೇಜ್ ತೆರೆದಳು. ದೋಸೆಯ ಫೋಟೋ, ಫಿಲ್ಟರ್ ಕಾಫಿಯ ಫೋಟೋ, ತೆರೆಯುವ ಹೊತ್ತು, ಸ್ಟೇಷನ್ನಿನಿಂದ ಬರುವ ದಾರಿ ಎಲ್ಲ ಹಾಕಿದಳು. ಯಾರೂ ಬರಲಿಲ್ಲ. ಅಂಥ ದೋಸೆಯ ಫೋಟೋ ಮುಂಬಯಿಯಲ್ಲಿ ಎಷ್ಟಿಲ್ಲ! ಕೊನೆಗೊಂದು ದಿನ, ನನ್ನನ್ನು ಕೇಳದೆ, ಆ ಚಮಚದ ವಿಡಿಯೊ ಹಾಕಿದಳು. ಕೆಳಗೆ ಹೋಟೆಲಿನ ಹೆಸರು ಬರೆದಳು, ಅವರು ಇಲ್ಲವೆಂದು ಬರೆಯಲಿಲ್ಲ. ಬೇಕೆಂದೇ ಮಾಡಿದಳೇ ಎಂದು ನಾನು ಈವರೆಗೂ ಕೇಳಿಲ್ಲ.

ಆ ಭಾನುವಾರ ಹನ್ನೊಂದು ಟೇಬಲೂ ತುಂಬಿದವು. ಬೊರಿವಲಿಯಿಂದ, ಜೋಗೇಶ್ವರಿಯಿಂದ ಬಂದಿದ್ದರು. ಎಲ್ಲರೂ ದೋಸೆಗೆ ಚಮಚ ಕೇಳಿದರು. ಕೇಳಿ, ಫೋನು ಎತ್ತಿ ಹಿಡಿದು, ನಗಲು ತಯಾರಾಗಿ ಕಾದರು. ನಮ್ಮ ಮಾಣಿ ಚಮಚ ತಂದು ಇಟ್ಟ. "ಅರೇ, ಅಂಕಲ್ ಕಹಾಂ ಹೈಂ?" ಎಂದು ಒಬ್ಬಳು ಹುಡುಗಿ ಗಲ್ಲಾದ ಕಡೆ ತಿರುಗಿದಳು. ಹಾರ ಹಾಕಿದ ಫೋಟೋ ನೋಡಿದಳು, ಕೈಯಲ್ಲಿದ್ದ ಫೋನು ನೋಡಿದಳು. ಅವಳ ಟೇಬಲಿನ ಫೋನುಗಳು ಮೊದಲು ಕೆಳಗಿಳಿದವು, ಆಮೇಲೆ ಪಕ್ಕದ್ದರವು. ದೋಸೆ ಅರ್ಧಕ್ಕೇ ಬಿಟ್ಟು ಎದ್ದು ಹೋದರು.

"ಅಮ್ಮ, ಫೋಟೋ ಮನೆಗೆ ತಗೊಂಡು ಹೋಗುವ" ಎಂದಳು ಮಗಳು. "ಲೋಗ್ ಡರ್ ಜಾತೇ ಹೈಂ. ಬಂದವರಿಗೆ ಒಂಥರಾ ಆಗ್ತದೆ."

ನಾನೇ ಕುರ್ಚಿ ಹತ್ತಿ ಇಳಿಸಿದೆ. ಮೊಳೆ ಅಲ್ಲೇ ಉಳಿಯಿತು. ಅಂಕಲ್ ಎಲ್ಲಿ ಎಂದು ಕೇಳಿದವರಿಗೆ "ಗಾಂವ್ ಗಯೇ ಹೈಂ" ಎನ್ನತೊಡಗಿದೆ. ಊರಿಗೆ ಹೋಗಿದ್ದಾರೆ. ಮೊದಲ ಸಲ ನಾಲಿಗೆ ಏಳಲಿಲ್ಲ. ಎರಡು ವಾರದ ಮೇಲೆ ಎಷ್ಟು ಸಲೀಸಾಯಿತೆಂದರೆ, ಒಂದೊಂದು ಮಧ್ಯಾಹ್ನ ಅವರಿಗೆ ಫೋನು ಮಾಡಬೇಕು ಅನ್ನಿಸುತ್ತಿತ್ತು.

"ನೀನೇ ಸ್ವಲ್ಪ ಬೈ ಅಮ್ಮ, ಪಪ್ಪನ ಥರ. ಜನ ಅದಕ್ಕೇ ಬರೋದು" ಎಂದು ಮಗಳು ಒತ್ತಾಯಿಸಿದಳು. ಒಂದು ದಿನ ಟೇಬಲಿನ ಪಕ್ಕ ಹೋಗಿ ನಿಂತೆ. ಆ ಹುಡುಗರು ಫೋನು ಎತ್ತಿದರು. ನನ್ನ ಬಾಯಿಂದ ಬಂದದ್ದು, "ಚಮ್ಮಚ್ ಚಾಹಿಯೇ? ಲಾತೀ ಹೂಂ." ಚಮಚ ಬೇಕಾ, ತರ್ತೇನೆ ಅಂತ. ಒಳಗಿನಿಂದ ಅಡುಗೆಯ ಭಟ್ಟರು ನಕ್ಕರು. "ಅಕ್ಕ, ನೀವು ಬೈದ್ರೆ ಆಶೀರ್ವಾದ ಮಾಡಿದ ಹಾಗೆ ಕೇಳ್ತದೆ." ನಾನೂ ನಕ್ಕೆ. ನನ್ನ ಗಂಡ ಹೋದ ಮೇಲೆ ಹೋಟೆಲಿನಲ್ಲಿ ನಾನು ನಕ್ಕದ್ದು ಅದೊಂದೇ ಸಲ.

ಬಾಗಿಲ ಪಕ್ಕದ ಟೇಬಲಿಗೆ ದಿನಾ ಬೆಳಿಗ್ಗೆ ವಾಕಿಂಗ್ ಮುಗಿಸಿ ಬರುವ ಒಬ್ಬ ಗುಜರಾತಿ ಮುದುಕರಿದ್ದರು. ನನ್ನ ಗಂಡನಿಗೂ ಅವರಿಗೂ ದಿನಾ ಕಾಫಿಯ ಸಕ್ಕರೆಗಾಗಿ ಜಗಳ. ಸ್ಮಶಾನಕ್ಕೂ ಬಂದಿದ್ದರು. ಒಂದು ಬೆಳಿಗ್ಗೆ ಯಾರಿಗೋ ನಾನು "ಗಾಂವ್ ಗಯೇ ಹೈಂ, ಅಗಲೇ ಹಫ್ತೇ ಆಯೇಂಗೇ" ಎಂದು, ಮುಂದಿನ ವಾರ ಬರುತ್ತಾರೆಂದು, ಹೇಳುವುದು ಅವರ ಕಿವಿಗೆ ಬಿತ್ತು. ಎದ್ದು ಬಂದರು. ನನ್ನ ತಲೆಯ ಮೇಲಿನ ಬರೀ ಮೊಳೆ ನೋಡಿದರು. "ಭಾಭೀ," ಎಂದರು ತಗ್ಗಿದ ದನಿಯಲ್ಲಿ, "ಉನ್‌ಕೋ ತೋ ಹಮ್ ಹೀ ಛೋಡ್ ಕೇ ಆಯೇ ನಾ?"

ಅವರನ್ನು ನಾವೇ ಅಲ್ಲಿ ಬಿಟ್ಟು ಬಂದೆವಲ್ಲ. ಮರುದಿನದಿಂದ ಅವರು ಬರಲಿಲ್ಲ. ಆಮೇಲೆ ಅವರ ಜೊತೆ ಕೂರುತ್ತಿದ್ದವರೂ ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸಿದರು. ವಿಡಿಯೊ ನೋಡಿ ಬಂದವರು ಎರಡನೇ ಸಲ ಬರುವವರಲ್ಲ. ಗದರಿಕೆ ಸಿಗದ ಹೋಟೆಲಿಗೆ ಅವರಾದರೂ ಯಾಕೆ ಬರಬೇಕು? ನವರಾತ್ರಿಯ ಹೊತ್ತಿಗೆ ದಿನಾ ತಿನ್ನುವವರೂ ಇರಲಿಲ್ಲ, ನೋಡಲು ಬರುವವರೂ ಇರಲಿಲ್ಲ.

ದೀಪಾವಳಿ ಕಳೆದು ಹೋಟೆಲು ಬೇರೆಯವರ ಕೈಗೆ ಹೋಯಿತು. ಮಾತುಕತೆಯ ದಿನ ಆ ಹೊಸಬರು ಗ್ರೈಂಡರು, ತವಾ, ಟೇಬಲು ಎಲ್ಲ ಬರೆದುಕೊಂಡು ಕೊನೆಗೆ, "ಪೇಜ್ ಭೀ ಸಾಥ್ ಮೇಂ ಚಾಹಿಯೇ" ಎಂದು ಪೇಜನ್ನೂ ಕೇಳಿದರು. ಮೈದುನ ನನ್ನ ಮುಖ ನೋಡಿದ. ಮಗಳು ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟಳು. ಆ ವಿಡಿಯೊ ತೆಗೆದುಬಿಡಿ ಎಂದು ಕೇಳಲು ನನಗೆ ಆಗ ತೋಚಲಿಲ್ಲ. ಆಮೇಲೆ ಕೇಳಿದಾಗ, ಜನ ನೋಡುವುದೇ ಅದನ್ನು ಎಂದರು.

ಫೋಟೋ ಈಗ ಮನೆಯಲ್ಲಿದೆ. ಹೋಟೆಲಿಗೆ ಹೊಸ ಬೋರ್ಡು ಬಂದಿದೆ, ಪೇಜಿಗೂ ಅದೇ ಹೆಸರು. ಅಲ್ಲಿ ದೋಸೆಯ ಜೊತೆ ಕಾಗದದಲ್ಲಿ ಸುತ್ತಿದ ಚಮಚ ಕೊಡುತ್ತಾರಂತೆ. ವಿಡಿಯೊ ಇನ್ನೂ ಓಡುತ್ತಿದೆ. ಈಗಲೂ ಯಾರಾದರೂ ಅದರ ಕೆಳಗೆ, ಅಂಕಲ್ ಎಲ್ಲಿ ಎಂದು ಕೇಳುತ್ತಾರೆ. ನಮ್ಮಲ್ಲಿದ್ದ ಮಾಣಿ ಅಲ್ಲೇ ಉಳಿದಿದ್ದಾನೆ, ಉತ್ತರ ಅವನೇ ಹೇಳಿಕೊಟ್ಟಿರಬೇಕು. ಗಾಂವ್ ಗಯೇ ಹೈಂ ಎಂದು ಆ ಹೊಸಬರು ಬರೆಯುತ್ತಾರೆ, ಎರಡು ಮುಗಿದ ಕೈಯ ಚಿತ್ರ ಹಾಕಿ.

ಅದು ಸುಳ್ಳೆಂದು ಬರೆಯಲು ಹೋಗಿ ಅಳಿಸಿದ್ದೇನೆ, ಒಂದಲ್ಲ, ಹಲವು ಸಲ. ಆ ಮಾತು ಹೊಸಬರದ್ದಲ್ಲ, ನನ್ನದು.